ಎರವಲು ತಂದ ಒಡವೆ

ಮನೆಯಲ್ಲಿ ಮದುವೆ ಎಂದರೆ ಗೆಳತಿಯ ಡಾಬು, ಪಕ್ಕದ ಮನೆಯ ವಂಕಿ, ದೊಡ್ಡಮ್ಮನ ಕಾಸಿನ ಸರ ಎಲ್ಲವೂ ಒಂದೆಡೆ ಸೇರುತ್ತಿದ್ದವು. ನಮ್ಮ ಅಜ್ಜಿಯರ ಕಾಲದಲ್ಲಿ ಇದು ಮಾಮೂಲು. ಹಣ ತಂದರೆ ಅದು ಸಾಲ, ಬೇರೆ ನೋಟು ಕೊಟ್ಟರೂ ತೀರುತ್ತದೆ. ಒಡವೆ ತಂದರೆ ಎರವಲು, ಅದೇ ಒಡವೆ ಹಿಂದಿರುಗಬೇಕು.

ಫ್ರೆಂಚ್ ಕಥೆಗಾರ ಮೊಪಾಸಾ 1884ರಲ್ಲಿ ಬರೆದ ‘ನೆಕ್ಲೇಸ್’ ಕಥೆಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಗೆಳತಿಯಿಂದ ಒಂದು ಸಂಜೆಗೆಂದು ತಂದ ವಜ್ರದ ಹಾರವನ್ನು ಮಟಿಲ್ಡ ಕಳೆದುಕೊಳ್ಳುತ್ತಾಳೆ. ಗೆಳತಿಗೆ ನಿಜ ಹೇಳದೆ, 36,000 ಫ್ರಾಂಕ್ ಕೊಟ್ಟು ಅಂಥದೇ ಹಾರ ಕೊಂಡು ಒಪ್ಪಿಸುತ್ತಾಳೆ. ಆ ಸಾಲ ತೀರಿಸಲು ಗಂಡ ಹೆಂಡತಿ ಹತ್ತು ವರ್ಷ ದುಡಿದು ಸವೆಯುತ್ತಾರೆ. ಕೊನೆಗೆ ತಿಳಿಯುವುದೇನು? ಮೊದಲಿನ ಹಾರ ನಕಲಿ, ಹೆಚ್ಚೆಂದರೆ 500 ಫ್ರಾಂಕ್ ಬೆಲೆಯದು!

ಈ ಫಜೀತಿ ಪ್ಯಾರಿಸ್ಸಿಗೆ ಮೀಸಲಲ್ಲ. ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ನಮ್ಮ ಕಲ್ಯಾಣದ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ದಲ್ಲಿ ‘ಯಾಚಿತ’ ಎಂಬ ಮಾತು ಬರುತ್ತದೆ. ಮದುವೆ ಮುಂತಾದ ಉತ್ಸವಗಳಿಗೆ ಕೇಳಿ ತಂದ ಬಟ್ಟೆ, ಒಡವೆ ಎಂದು ಆತ ಅದಕ್ಕೆ ಅರ್ಥ ಹೇಳುತ್ತಾನೆ. ಅರಸನೋ ದೈವವೋ ಕಳ್ಳರೋ ಒಯ್ದರೆ ತಂದವರ ಮೇಲೆ ಹೊಣೆಯಿಲ್ಲ. ಆದರೆ ಒಡೆಯರು ಕೇಳಿದಾಗ ಕೊಡದೆ, ಆಮೇಲೆ ಅದು ಹಾಳಾದರೆ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು!

ಇನ್ನೊಂದು ಸ್ವಾರಸ್ಯ ನೋಡಿ. ಭಾರತದ ಕರಾರು ಕಾಯ್ದೆಯೂ ನಾವೀಗ ನೆಲೆಸಿರುವ ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್ ಕೂಡ ಹುಟ್ಟಿದ್ದು ಒಂದೇ ವರ್ಷ, 1872ರಲ್ಲಿ. ಭಾರತದ ಕಾಯ್ದೆಯ ಪ್ರಕಾರ, ಸಾಧಾರಣ ವಿವೇಕಿಯೊಬ್ಬ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಸಾಕು. ಕ್ಯಾಲಿಫೋರ್ನಿಯಾ ಇನ್ನೂ ಬಿಗಿ. ಬಳಸಲು ಪುಕ್ಕಟೆ ತಂದ ವಸ್ತುವಿಗೆ ‘ಅತಿ ಹೆಚ್ಚಿನ’ ಜೋಪಾನ ಬೇಕು, ಸ್ವಲ್ಪ ಅಜಾಗರೂಕತೆಯಿಂದ ಕೆಟ್ಟರೂ ಸರಿಪಡಿಸಿಕೊಡಬೇಕು. ಈ ವಿಚಾರ ಶುರುವಾಗುವುದು ಎಷ್ಟನೇ ಸೆಕ್ಷನ್‌ನಿಂದ ಗೊತ್ತೇ? 1884! ಮೊಪಾಸಾನ ಕಥೆಯ ಇಸವಿಯೇ!

ಬೇ ಏರಿಯಾದಲ್ಲೂ ಈ ಕೊಡು-ಕೊಳ್ಳು ನಿಂತಿಲ್ಲ. ಮಗಳ ರಂಗಪ್ರವೇಶಕ್ಕೆ ಜಡೆಬಿಲ್ಲೆ, ದೀಪಾವಳಿ ಕಾರ್ಯಕ್ರಮಕ್ಕೆ ಅಡ್ಡಿಕೆ ಎಂದು ಫ್ರೀಮಾಂಟಿನಿಂದ ಸನಿವೇಲ್‌ಗೆ ಒಡವೆಗಳು ಓಡಾಡುತ್ತಲೇ ಇರುತ್ತವೆ. ಆದರೆ ಇಲ್ಲಿನ ಎಷ್ಟೋ ಮನೆ ವಿಮೆಗಳಲ್ಲಿ ಒಡವೆ ಕಳ್ಳತನಕ್ಕೆ ಸಿಗುವ ಪರಿಹಾರದ ಮಿತಿ ಬರೀ 1,500 ಡಾಲರ್. ಸುಮ್ಮನೆ ಎಲ್ಲೋ ಬಿದ್ದುಹೋದರೆ ಸಾಮಾನ್ಯವಾಗಿ ಅದೂ ಇಲ್ಲ. ಅಜ್ಜಿಯ ಅಡ್ಡಿಕೆಗೆ ವಿಮೆ ಎಷ್ಟು ಕೊಟ್ಟರೂ ಸಮವಲ್ಲ, ಆ ಮಾತು ಬೇರೆ.

ಆದ್ದರಿಂದ ಕೊಡುವವರಿಗೆ ನನ್ನದೊಂದು ಮನವಿ. ನಿಮ್ಮ ತಾಯಿಯ ನೆನಪಾಗಿ ಉಳಿದ ಒಡವೆಯನ್ನು ಕೊಡಲು ಮನಸ್ಸಿಲ್ಲದಿದ್ದರೆ ನಗುತ್ತಲೇ ‘ಇದೊಂದು ಬೇಡ’ ಎಂದುಬಿಡಿ, ಸ್ನೇಹ ಕೆಡುವುದಿಲ್ಲ. ಕೊಡುವುದಾದರೆ ಅಸಲಿಯೋ ನಕಲಿಯೋ ಹೇಳಿ, ಒಂದು ಫೋಟೊ ತೆಗೆದಿಡಿ. ತರುವವರು ಕಾರ್ಯಕ್ರಮ ಮುಗಿದ ಮರುದಿನವೇ, ಕೇಳುವ ಮೊದಲೇ, ಹಿಂದಿರುಗಿಸಿ.

ಅಕಸ್ಮಾತ್ ಕಳೆದರೆ? ಕಹಿ ಸುದ್ದಿಯನ್ನು ಮುಚ್ಚಿಟ್ಟಷ್ಟೂ ಹೇಳುವುದು ಕಷ್ಟವಾಗುತ್ತದೆ. ವೈದ್ಯನಾಗಿ ನಾನು ಇದನ್ನು ದಿನವೂ ಕಾಣುತ್ತೇನೆ. ಮಟಿಲ್ಡ ಅಂದೇ ಹೋಗಿ ನಿಜ ಹೇಳಿದ್ದರೆ ಆ ಹತ್ತು ವರ್ಷವೂ ಉಳಿಯುತ್ತಿತ್ತು, ಗೆಳತಿಯೂ ಉಳಿಯುತ್ತಿದ್ದಳು. ಊರಿನಿಂದ ಇಷ್ಟು ದೂರ ಬಂದಿರುವ ನಮಗೆ ಗೆಳೆತನವೇ ಬಂಧುಬಳಗ, ಅದನ್ನು ಕಳೆದುಕೊಳ್ಳುವುದು ಬೇಡ.