ಕೊನೊದ ಕಲ್ಲು, ಆಂಟ್ವರ್ಪ್‌ನ ಲೆಕ್ಕ

ಲೈಬೀರಿಯಾದ ನೆಲವನ್ನು ವರ್ಷವಿಡೀ ಅಗೆದರೂ ಸಿಗುವ ವಜ್ರ ಹೆಚ್ಚೆಂದರೆ ಒಂದೂವರೆ ಲಕ್ಷ ಕ್ಯಾರಟ್. ಆದರೆ 1994ರಿಂದ 1998ರವರೆಗಿನ ಐದು ವರ್ಷಗಳಲ್ಲಿ ಲೈಬೀರಿಯಾದ ಹೆಸರು ಹೊತ್ತು ಬೆಲ್ಜಿಯಂನ ಆಂಟ್ವರ್ಪ್ ಪೇಟೆಗೆ ಬಂದಿಳಿದದ್ದು 3 ಕೋಟಿ 10 ಲಕ್ಷ ಕ್ಯಾರಟ್‌ಗೂ ಹೆಚ್ಚು. ವರ್ಷಕ್ಕೆ ಸರಾಸರಿ 60 ಲಕ್ಷ! ಹತ್ತು ಮೂಟೆ ಬೆಳೆಯುವ ಹೊಲದವನು ನಾನೂರು ಮೂಟೆ ತಂದು ಸುರಿದರೆ ನಮ್ಮ ಎಪಿಎಂಸಿಯ ಗುಮಾಸ್ತನಾದರೂ ‘ಇದೆಲ್ಲಿಯದಪ್ಪಾ?’ ಎಂದು ಕೇಳುತ್ತಾನೆ. ಜಗತ್ತಿನ ಅತಿ ದೊಡ್ಡ ವಜ್ರದ ಪೇಟೆಯಲ್ಲಿ ಯಾರೂ ಕೇಳಲಿಲ್ಲ.

ಕೇಳಬೇಕೆಂಬ ನಿಯಮವೂ ಇರಲಿಲ್ಲ ಅನ್ನಿ. ಪೊಟ್ಟಣ ಕೊನೆಯದಾಗಿ ಯಾವ ದೇಶದಿಂದ ಹೊರಟಿತು ಎಂಬುದನ್ನು ಬರೆದುಕೊಂಡರೆ ಬೆಲ್ಜಿಯಂನ ದಾಖಲೆ ಪೂರ್ತಿಯಾಗುತ್ತಿತ್ತು. ಕಲ್ಲನ್ನು ಎಲ್ಲಿ ಅಗೆದರು, ಯಾರು ಅಗೆದರು, ಯಾರ ಬಂದೂಕಿನ ಎದುರು ಅಗೆದರು ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. ಒಂದೇ ಒಂದು ವಜ್ರದ ಗಣಿಯಿಲ್ಲದ ಗ್ಯಾಂಬಿಯಾ ಕೂಡ ಆ ಪುಸ್ತಕದಲ್ಲಿ ರಫ್ತುದಾರ ದೇಶವಾಗಿ ಮೆರೆದಿತ್ತು. ಈ ಅಂಕಿಗಳನ್ನು ಹೆಕ್ಕಿ ತೆಗೆದು ಜಗತ್ತಿನ ಮುಂದಿಟ್ಟದ್ದು ‘ಪಾರ್ಟ್ನರ್‌ಶಿಪ್ ಆಫ್ರಿಕಾ ಕೆನಡಾ’ ಎಂಬ ಸಣ್ಣ ಸಂಸ್ಥೆ, 2000ದ ಜನವರಿಯಲ್ಲಿ.

ಆ ಕಲ್ಲುಗಳು ಹೊರಟ ಜಾಗಗಳಲ್ಲೊಂದು ಪಕ್ಕದ ಸಿಯೆರಾ ಲಿಯೋನ್‌ನ ಕೊನೊ ಜಿಲ್ಲೆ.

ಕೊನೊದಲ್ಲಿ ವಜ್ರ ಪತ್ತೆಯಾದದ್ದು 1930ರಲ್ಲಿ. ಐದೇ ವರ್ಷಕ್ಕೆ ಬ್ರಿಟಿಷ್ ವಸಾಹತು ಸರ್ಕಾರವು ಡಿ ಬೀರ್ಸ್ ಜೊತೆ ನಂಟಿದ್ದ ‘ಸಿಯೆರಾ ಲಿಯೋನ್ ಸೆಲೆಕ್ಷನ್ ಟ್ರಸ್ಟ್’ ಕಂಪನಿಗೆ 99 ವರ್ಷಗಳ ಏಕಸ್ವಾಮ್ಯ ಬರೆದುಕೊಟ್ಟಿತು. ತನ್ನ ಮನೆಯ ಹಿಂದಿನ ಹಳ್ಳದಲ್ಲಿ ಸಲಿಕೆ ಹಾಕಿದ ರೈತ ಅಂದಿನಿಂದ ಕಾನೂನಿನ ಕಣ್ಣಲ್ಲಿ ಕಳ್ಳನಾದ. ಆದರೆ ಕೊನೊದ ವಜ್ರಗಳು ಬಹುಪಾಲು ಆಳದ ಬಂಡೆಯೊಳಗೆ ಅಡಗಿ ಕೂತವಲ್ಲ. ಹೊಳೆ ಹಳ್ಳಗಳ ಗರಸಿನಲ್ಲಿ, ಕೆಲವೇ ಅಡಿ ಕೆಳಗೆ ಚೆಲ್ಲಾಡಿಕೊಂಡಿರುತ್ತವೆ. ಸೊಂಟದ ಮಟ್ಟದ ಕೆಸರು ನೀರಿನಲ್ಲಿ ನಿಂತು, ಸಲಿಕೆಯಲ್ಲಿ ಗರಸು ಎತ್ತಿ, ದುಂಡನೆಯ ಜರಡಿಯಲ್ಲಿ ಹಾಕಿ ಗಿರಗಿರನೆ ತಿರುಗಿಸಿದರೆ ಭಾರದ ಕಲ್ಲುಗಳು ನಡುವೆ ಕೂರುತ್ತವೆ. ಅಲ್ಲಿ ಬೆರಳಾಡಿಸಿ ಹುಡುಕಬೇಕು. ದೊಡ್ಡ ಯಂತ್ರ ಬೇಡ, ವಿದ್ಯುತ್ ಬೇಡ. ಇಂಥ ಸಂಪತ್ತಿಗೆ ಬೇಲಿ ಹಾಕಲು ಯಾವ ಕಂಪನಿಗೂ ಆಗದು. ಐವತ್ತರ ದಶಕದಲ್ಲಿ ಸಾವಿರ ಸಾವಿರ ಜನ ಸಲಿಕೆ ಹಿಡಿದು ಕೊನೊಗೆ ನುಗ್ಗಿದರು. ಕೊನೆಗೆ ಸರ್ಕಾರವೇ ಮಣಿದು 1956ರಲ್ಲಿ ಸ್ಥಳೀಯರಿಗೂ ಪರವಾನಗಿ ಕೊಡತೊಡಗಿತು. ಅಷ್ಟರಲ್ಲಿ ಗಡಿಯಾಚೆ ಲೈಬೀರಿಯಾದ ರಾಜಧಾನಿ ಮನ್ರೋವಿಯಾಕ್ಕೆ ಕಳ್ಳದಾರಿ ಸವೆದಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೂ ಆ ದಾರಿಯಲ್ಲಿ ಹುಲ್ಲು ಬೆಳೆಯಲಿಲ್ಲ. 1968ರಲ್ಲಿ ಅಧಿಕಾರಕ್ಕೆ ಬಂದ ಸಿಯಾಕಾ ಸ್ಟೀವನ್ಸ್ ಗಣಿಗಳನ್ನು ರಾಷ್ಟ್ರೀಕರಣದ ಹೆಸರಿನಲ್ಲಿ ತನ್ನ ಬಳಗದ ಹಿಡಿತಕ್ಕೆ ತಂದ. 1970ರಲ್ಲಿ 20 ಲಕ್ಷ ಕ್ಯಾರಟ್ ದಾಟಿದ್ದ ಅಧಿಕೃತ ರಫ್ತು 1988ರ ಹೊತ್ತಿಗೆ ಬರೀ 48 ಸಾವಿರಕ್ಕೆ ಇಳಿಯಿತು. ನೆಲದಲ್ಲಿ ವಜ್ರ ಬತ್ತಿರಲಿಲ್ಲ, ಖಜಾನೆಗೆ ಬರುವುದು ನಿಂತಿತ್ತು ಅಷ್ಟೆ. ಮೇಷ್ಟ್ರುಗಳಿಗೆ ಸಂಬಳವಿಲ್ಲ, ಆಸ್ಪತ್ರೆಯಲ್ಲಿ ಔಷಧವಿಲ್ಲ, ಹಳ್ಳಿಯ ಹುಡುಗರಿಗೆ ಕೆಲಸವಿಲ್ಲ. ಯುದ್ಧಕ್ಕೆ ಹಣ ಒದಗಿಸಿದ ‘ರಕ್ತವಜ್ರ’ದ ಕತೆಯನ್ನು ಬಂಡುಕೋರರಿಂದ ಶುರು ಮಾಡುವವರು ಈ ಇಪ್ಪತ್ತು ವರ್ಷಗಳನ್ನು ಅನುಕೂಲಕ್ಕೆ ತಕ್ಕಂತೆ ಮರೆಯುತ್ತಾರೆ.

1991ರ ಮಾರ್ಚ್‌ನಲ್ಲಿ ಫೋಡೆ ಸಂಕೋ ಎಂಬ ಮಾಜಿ ಸೈನಿಕನ ‘ರೆವಲ್ಯೂಷನರಿ ಯುನೈಟೆಡ್ ಫ್ರಂಟ್’ ಲೈಬೀರಿಯಾ ಕಡೆಯಿಂದ ಗಡಿ ದಾಟಿತು. ಬೆನ್ನಿಗಿದ್ದವನು ಲೈಬೀರಿಯಾದ ಯುದ್ಧಕೋರ, ಮುಂದೆ ಅಲ್ಲಿನ ಅಧ್ಯಕ್ಷನೇ ಆದ ಚಾರ್ಲ್ಸ್ ಟೇಲರ್. ಲೆಕ್ಕ ಸರಳ: ಅತ್ತ ಕಲ್ಲು ಹೋಗಬೇಕು, ಇತ್ತ ಬಂದೂಕು ಬರಬೇಕು. ಕೊನೊದ ಟೊಂಬೊಡುವಿನಂಥ ಊರುಗಳಲ್ಲಿ ಹಿಡಿದು ತಂದ ಜನರಿಂದ ಬಂದೂಕು ತೋರಿಸಿ ಗಣಿ ಅಗೆಸಿದರು. ಕೂಲಿಯಿಲ್ಲ, ಹೊಟ್ಟೆಗೂ ಸರಿಯಾಗಿಲ್ಲ. ಓಡಲು ಹೋದವರಿಗೆ, ಕಲ್ಲು ಬಚ್ಚಿಟ್ಟ ಅನುಮಾನಕ್ಕೆ ಸಿಕ್ಕವರಿಗೆ ಹೊಡೆತ ಇಲ್ಲವೇ ಗುಂಡು. ಮಯೊನೇಸ್ ಡಬ್ಬಿಯಲ್ಲಿ ತುಂಬಿದ ವಜ್ರಗಳನ್ನು ಬಂಡುಕೋರರು ಟೇಲರ್‌ಗೆ ತಂದೊಪ್ಪಿಸಿದ್ದನ್ನು ಅವನ ಆಪ್ತ ವಲಯದಲ್ಲಿದ್ದವನೇ ಮುಂದೆ ನ್ಯಾಯಾಲಯದಲ್ಲಿ ಹೇಳಿದ.

ಹತ್ತು ವರ್ಷದ ಹುಡುಗರ ಕೈಗೂ ಬಂದೂಕು ಬಂತು. ಮಾದಕ ವಸ್ತು ಉಣಿಸಿ ಅವರನ್ನು ದಾಳಿಗೆ ಬಿಡುತ್ತಿದ್ದರು. ಹುಡುಗಿಯರನ್ನು ‘ಹೆಂಡತಿ’ ಎಂಬ ಹೆಸರಿಟ್ಟು ಎಳೆದೊಯ್ಯುತ್ತಿದ್ದರು. 1996ರಲ್ಲಿ ಚುನಾವಣೆ ಘೋಷಣೆಯಾದಾಗ, ಮತ ಹಾಕುವ ಕೈಯೇ ಇರಬಾರದೆಂದು ಮಚ್ಚು ಬೀಸಿದರು. ಕಡಿಯುವ ಮುನ್ನ ಮೊಣಕೈ ಮೇಲೋ ಕೆಳಗೋ ಎಂದು ಕೇಳುತ್ತಿದ್ದರಂತೆ. 1999ರ ಜನವರಿ 6ರಂದು ರಾಜಧಾನಿ ಫ್ರೀಟೌನ್‌ಗೇ ನುಗ್ಗಿದಾಗ ಇದೇ ಕ್ರೌರ್ಯ ಬೀದಿ ಬೀದಿಯಲ್ಲಿ ನಡೆಯಿತು. ಯುದ್ಧದಲ್ಲಿ ಸತ್ತವರು ಸುಮಾರು 50 ಸಾವಿರ. ನೆಲೆ ಕಳೆದುಕೊಂಡವರು 20 ಲಕ್ಷಕ್ಕೂ ಹೆಚ್ಚು. ಎರಡೂ ಕೈ ಕಳೆದುಕೊಂಡವನಿಗೆ ಬಟ್ಟೆ ಹಾಕಲು, ತುತ್ತು ತಿನ್ನಿಸಲು, ಶೌಚಕ್ಕೆ ಕರೆದೊಯ್ಯಲು ಮನೆಯ ಇನ್ನೊಬ್ಬರು ಬೇಕು. ಬಹುಪಾಲು ಮನೆಗಳಲ್ಲಿ ಅದು ಹೆಂಡತಿ, ಇಲ್ಲವೇ ಶಾಲೆ ಬಿಟ್ಟ ಮಗು. ಯುದ್ಧ ಮುಗಿದ ಎಷ್ಟೋ ವರ್ಷಗಳ ನಂತರ ಸಂತ್ರಸ್ತರ ಕೈಗೆ ಬಂದ ಮೊದಲ ಕಂತಿನ ಪರಿಹಾರ ಸುಮಾರು 100 ಡಾಲರ್.

ಇನ್ನೂ ಅಸಹ್ಯದ ಮಾತು ಮುಂದಿದೆ. 1999ರ ಜುಲೈನಲ್ಲಿ ಲೊಮೆ ನಗರದಲ್ಲಿ ಆದ ಶಾಂತಿ ಒಪ್ಪಂದ ಸಂಕೋಗೆ ಕ್ಷಮಾದಾನ ಕೊಟ್ಟದ್ದಲ್ಲದೆ ಉಪಾಧ್ಯಕ್ಷನ ಸ್ಥಾನಮಾನವನ್ನೂ, ವಜ್ರವೂ ಸೇರಿದಂತೆ ದೇಶದ ಖನಿಜ ಸಂಪತ್ತು ನೋಡಿಕೊಳ್ಳುವ ಆಯೋಗದ ಅಧ್ಯಕ್ಷಗಿರಿಯನ್ನೂ ಕೊಟ್ಟಿತು. ಕಳ್ಳನ ಕೈಗೇ ಕೀಲಿಕೈ! ಒಪ್ಪಂದ ವರ್ಷವೂ ಬಾಳಲಿಲ್ಲ. 2000ದ ಮೇ ತಿಂಗಳಲ್ಲಿ ಬಂಡುಕೋರರು ವಿಶ್ವಸಂಸ್ಥೆಯ ಐನೂರರಷ್ಟು ಶಾಂತಿಪಾಲಕರನ್ನು ಒತ್ತೆಯಾಗಿಟ್ಟುಕೊಂಡರು. ಆ ಪಡೆಯ ದಂಡನಾಯಕ ಭಾರತದ ಮೇಜರ್ ಜನರಲ್ ವಿಜಯ್ ಜೇಟ್ಲಿ. ಕೈಲಾಹುನ್‌ನಲ್ಲಿ ಎರಡು ತಿಂಗಳಿಗೂ ಮಿಕ್ಕಿ ದಿಗ್ಬಂಧನದಲ್ಲಿದ್ದ ಇನ್ನೂರಕ್ಕೂ ಹೆಚ್ಚು ಭಾರತೀಯ ಯೋಧರನ್ನು ಜುಲೈನ ‘ಆಪರೇಷನ್ ಖುಕ್ರಿ’ ಬಿಡಿಸಿ ತಂದಿತು. ಕೆಲವೇ ವಾರಗಳಲ್ಲಿ ಜೇಟ್ಲಿ ಬರೆದ ಗೋಪ್ಯ ಟಿಪ್ಪಣಿಯೊಂದು ಸೋರಿತು. ಶಾಂತಿ ಕಾಯಲು ಬಂದ ನೈಜೀರಿಯಾದ ಹಿರಿಯ ಅಧಿಕಾರಿಗಳೇ ವಜ್ರದ ಆಸೆಗೆ ಬಂಡುಕೋರರ ಜೊತೆ ಕೈಜೋಡಿಸಿದ್ದಾರೆ ಎಂಬ ಆರೋಪ ಅದರಲ್ಲಿತ್ತು. ನೈಜೀರಿಯಾ ಕೆರಳಿತು, ಭಾರತ ತನ್ನ ಪಡೆಯನ್ನು ವಾಪಸ್ ಕರೆಸಿಕೊಂಡಿತು.

ಅಷ್ಟರಲ್ಲಿ ವ್ಯಾಪಾರಿಗಳಿಗೂ ಬಿಸಿ ತಟ್ಟಿತ್ತು. ಆಂಗೋಲಾದಲ್ಲಿ ಜೋನಾಸ್ ಸವಿಂಬಿಯ ಯುನಿಟಾ ಪಡೆ ವಜ್ರ ಮಾರಿಯೇ ಯುದ್ಧ ನಡೆಸುತ್ತಿದೆ ಎಂದು ‘ಗ್ಲೋಬಲ್ ವಿಟ್ನೆಸ್’ 1998ರಲ್ಲೇ ಬಯಲಿಗೆಳೆದಿತ್ತು. ಕಚ್ಚಾ ವಜ್ರದ ಪೇಟೆಯನ್ನು ಆಳುತ್ತಿದ್ದ ಡಿ ಬೀರ್ಸ್ ಆಂಗೋಲಾದ ಖರೀದಿ ನಿಲ್ಲಿಸಿದ್ದು ಮರುವರ್ಷ. 2000ದ ಜುಲೈನಲ್ಲಿ ಸಿಯೆರಾ ಲಿಯೋನ್‌ನ ಕಚ್ಚಾ ವಜ್ರದ ಮೇಲೆ ವಿಶ್ವಸಂಸ್ಥೆ ನಿರ್ಬಂಧ ಹೇರಿತು. 2003ರ ಜನವರಿ 1ರಿಂದ ಕಿಂಬರ್ಲಿ ವ್ಯವಸ್ಥೆ ಜಾರಿಗೆ ಬಂತು: ಸರ್ಕಾರದ ಪ್ರಮಾಣಪತ್ರ ಇಲ್ಲದ ಕಚ್ಚಾ ವಜ್ರ ಸದಸ್ಯ ದೇಶಗಳ ಗಡಿ ದಾಟುವಂತಿಲ್ಲ.

ಹಾಗಾದರೆ ಹೊಣೆ ಯಾರದು? ಸಂಕೋ ವಿಚಾರಣೆ ಮುಗಿಯುವ ಮೊದಲೇ 2003ರಲ್ಲಿ ಬಂಧನದಲ್ಲಿ ಸತ್ತ. ಟೇಲರ್‌ಗೆ ಸಿಯೆರಾ ಲಿಯೋನ್ ಯುದ್ಧದ ಅಪರಾಧಗಳಿಗೆಂದೇ ಇದ್ದ ವಿಶೇಷ ನ್ಯಾಯಾಲಯದಲ್ಲಿ 2012ರಲ್ಲಿ 50 ವರ್ಷಗಳ ಶಿಕ್ಷೆಯಾಯಿತು. ಈಗ ಇಂಗ್ಲೆಂಡಿನ ಜೈಲಿನಲ್ಲಿದ್ದಾನೆ. ಆ ವಿಚಾರಣೆ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಮಾತ್ರ ರೂಪದರ್ಶಿ ನವೋಮಿ ಕ್ಯಾಂಪ್‌ಬೆಲ್ ಸಾಕ್ಷಿ ಹೇಳಲು ಬಂದ ದಿನ. ಕೈ ಕಡಿಸಿಕೊಂಡವರು ಸಾಕ್ಷಿ ಹೇಳಿದಾಗ ಅಷ್ಟು ಕ್ಯಾಮೆರಾಗಳು ಇರಲಿಲ್ಲ. ಸಿಯೆರಾ ಲಿಯೋನ್‌ನ ಸತ್ಯ ಮತ್ತು ಸಾಮರಸ್ಯ ಆಯೋಗ 2004ರ ವರದಿಯಲ್ಲಿ ನಿಷ್ಠುರವಾಗಿ ಬರೆಯಿತು: ವಜ್ರ ಯುದ್ಧಕ್ಕೆ ತುಪ್ಪ ಸುರಿಯಿತು ನಿಜ, ಬೆಂಕಿ ಹೊತ್ತಿಸಿದ್ದು ಆಳುವವರ ದುರಾಸೆ ಮತ್ತು ಭ್ರಷ್ಟಾಚಾರ.

ಆದರೆ ತುಪ್ಪ ಕೊಂಡವರು? ಆಂಟ್ವರ್ಪ್‌ನ ಖರೀದಿದಾರರಲ್ಲಿ ಒಬ್ಬರೂ ಆ ವಿಶೇಷ ನ್ಯಾಯಾಲಯದ ಕಟಕಟೆ ಹತ್ತಲಿಲ್ಲ. ಕೊನೊದಲ್ಲಿ ಜೀತ ಮಾಡಿಸಿ ವಜ್ರ ದೋಚಿದ ಆರೋಪದ ಮೇಲೆ ಯುರೋಪಿನ ಉದ್ಯಮಿಯೊಬ್ಬನನ್ನು 2015ರಲ್ಲಿ ಸ್ಪೇನ್‌ನಲ್ಲಿ ಹಿಡಿದರು. ಮೊಕದ್ದಮೆ ನಡೆಯುವ ಮೊದಲೇ ಅವನು ಬೆಲ್ಜಿಯಂನ ಜೈಲಿನಲ್ಲಿ ಸತ್ತ. ಬಂದೂಕು ಹಿಡಿದವನದಷ್ಟೇ ದೊಡ್ಡ ಅಪರಾಧ ಕಣ್ಣು ಮುಚ್ಚಿ ಹಣ ಎಣಿಸಿದವನದೂ. ಅದಕ್ಕೆ ಶಿಕ್ಷೆಯಾಗಲಿಲ್ಲ.

ಕಿಂಬರ್ಲಿಯ ಕಟ್ಟಳೆಯಲ್ಲೂ ತೂತುಗಳಿವೆ. ಅದರ ಪ್ರಕಾರ ಬಂಡುಕೋರರು ಕಾನೂನುಬದ್ಧ ಸರ್ಕಾರದ ವಿರುದ್ಧ ಹೋರಾಡಲು ಮಾರುವ ವಜ್ರ ಮಾತ್ರ ರಕ್ತವಜ್ರ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಸೇನೆಯೇ ಹೆಲಿಕಾಪ್ಟರ್‌ನಿಂದ ಗುಂಡು ಹಾರಿಸಿ ಬಡ ಅಗೆತಗಾರರನ್ನು ಕೊಂದಿತು. ಸತ್ತವರು 200ಕ್ಕೂ ಹೆಚ್ಚು ಎಂದು ‘ಹ್ಯೂಮನ್ ರೈಟ್ಸ್ ವಾಚ್’ ವರದಿ ಮಾಡಿತು. ಕೊಂದದ್ದು ಸರ್ಕಾರ, ಹಾಗಾಗಿ ವ್ಯಾಖ್ಯಾನಕ್ಕೆ ಹೊಂದುವುದಿಲ್ಲ! 2011ರಲ್ಲಿ ಆ ವಜ್ರಗಳ ರಫ್ತಿಗೆ ಕಿಂಬರ್ಲಿ ಸಭೆ ಒಪ್ಪಿಗೆ ಕೊಟ್ಟಾಗ, ಈ ವ್ಯವಸ್ಥೆಯನ್ನು ಹುಟ್ಟುಹಾಕಲು ದುಡಿದ ಗ್ಲೋಬಲ್ ವಿಟ್ನೆಸ್ ಸಂಸ್ಥೆಯೇ ಎದ್ದು ಹೊರಬಂತು. ವ್ಯಾಖ್ಯಾನ ಬದಲಿಸಲು ಎಲ್ಲ ಸದಸ್ಯರ ಒಮ್ಮತ ಬೇಕು. 2024ರ ದುಬೈ ಸಭೆಯಲ್ಲೂ ಅದು ಮೂಡಲಿಲ್ಲ.

ಇಲ್ಲಿ ನಾವು ದೂರದ ಪ್ರೇಕ್ಷಕರಲ್ಲ. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತಕ್ಕೆ ಸಾಣೆ ಹಿಡಿಯುವುದು ಭಾರತದಲ್ಲಿ, ಬಹುಪಾಲು ಸೂರತ್‌ನಲ್ಲಿ. ಹಲವು ದೇಶಗಳ ಕಲ್ಲು ಬೆರೆತ ಪೊಟ್ಟಣಕ್ಕೆ ‘ಮಿಶ್ರ ಮೂಲ’ ಎಂದು ಬರೆದರೆ ಇವತ್ತಿಗೂ ನಡೆಯುತ್ತದೆ. ಸಾಣೆಯಾದ ಮೇಲೆ ಕಿಂಬರ್ಲಿ ಪ್ರಮಾಣಪತ್ರದ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಇರುವುದು ಬಿಲ್ಲಿನ ಮೇಲೆ ವ್ಯಾಪಾರಿ ತಾನೇ ಬರೆದುಕೊಳ್ಳುವ ಭರವಸೆಯ ಒಂದು ಸಾಲು. ಬೆಂಗಳೂರಿನ ಡಿಕನ್ಸನ್ ರಸ್ತೆಯಲ್ಲೋ ಹುಬ್ಬಳ್ಳಿಯಲ್ಲೋ ಅಂಗಡಿಯವರು ವಜ್ರದ ಜೊತೆ ಕೊಡುವ ಕಾರ್ಡಿನಲ್ಲಿ ತೂಕ, ಬಣ್ಣ, ಸ್ವಚ್ಛತೆ, ಕಟಿಂಗ್ ಎಲ್ಲ ಇರುತ್ತದೆ. ಗಣಿಯ ದೇಶ ಸಾಮಾನ್ಯವಾಗಿ ಇರುವುದಿಲ್ಲ. ಮದುವೆಯ ಮೂಗುತಿ, ಬೆಂಡೋಲೆ ಕೊಳ್ಳುವಾಗ ಮೇಕಿಂಗ್ ಚಾರ್ಜಿಗಾಗಿ ಚೌಕಾಸಿ ಮಾಡುವವರು ಆ ದೇಶದ ಹೆಸರನ್ನೂ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಗೊತ್ತಿಲ್ಲ ಎಂದರೆ ಗೊತ್ತಿರುವ ಅಂಗಡಿಗೆ ಹೋಗಿ.