ಕಾಮಾಲೆ ಕಂಡರೆ ಮೊದಲು ಕಷಾಯ ನಿಲ್ಲಿಸಿ

ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಲೆಂದು ಎಷ್ಟೋ ಮನೆಗಳಲ್ಲಿ ದಿನವೂ ಅಮೃತಬಳ್ಳಿ ಕಷಾಯ ಕುದಿಯಿತು. ಕುಡಿದ ಬಹುಪಾಲು ಜನರಿಗೆ ಏನೂ ಆಗಲಿಲ್ಲ. ಆದರೆ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈಯ ವೈದ್ಯರು, ಅದನ್ನು ಸೇವಿಸುತ್ತಿದ್ದ ಆರು ಮಂದಿಯಲ್ಲಿ ಯಕೃತ್ತಿನ ಉರಿಯೂತ ಕಂಡರು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರ ಪ್ರಕಟಿಸಿದರು.

ಬಳ್ಳಿಯ ಹೆಸರುವಾಸಿ ಗುಣವೇ ಇಲ್ಲಿ ಮುಳುವಾದಂತಿದೆ. ಕೆರಳಿದ ರೋಗನಿರೋಧಕ ವ್ಯವಸ್ಥೆ ತನ್ನದೇ ಯಕೃತ್ತಿನ ಕೋಶಗಳ ಮೇಲೆ ಎರಗುತ್ತದೆ. ಗೊತ್ತಿಲ್ಲದೆಯೇ ಇಂಥ ಸ್ವಯಂನಿರೋಧಕ ಕಾಯಿಲೆ ಒಳಗಿದ್ದವರಲ್ಲಿ ಅದು ಭುಗಿಲೇಳುತ್ತದೆ. ಥೈರಾಯ್ಡ್‌ನಂಥ ಬೇರೆ ಸ್ವಯಂನಿರೋಧಕ ತೊಂದರೆ ಇರುವವರೂ ಎಚ್ಚರದಿಂದಿರಬೇಕು. ಅಮೃತಬಳ್ಳಿಯಿಂದ ಯಕೃತ್ತು ಕೆಡುತ್ತದೆ ಎಂಬುದನ್ನು ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೊಂದು ಜಾತಿಯ ಬಳ್ಳಿ ಕಾರಣವಿರಬಹುದು ಎಂದಿತು. ಹಾಗೆಯೇ ಇದ್ದರೂ, ಪುಡಿಯೋ ಮಾತ್ರೆಯೋ ಕೊಂಡು ತರುವವರು ಎರಡನ್ನೂ ಬೇರೆಮಾಡಿ ಗುರುತಿಸುವುದಾದರೂ ಹೇಗೆ? ಗ್ರೀನ್ ಟೀ ಸಾರದ ಮಾತ್ರೆ, ಕಾಳುಮೆಣಸಿನ ಸತ್ವ ಬೆರೆಸಿದ ಅರಿಶಿನದ ಮಾತ್ರೆಗಳಿಂದಲೂ ಯಕೃತ್ತು ಕೆಟ್ಟ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಅಡುಗೆಗೆ ಹಾಕುವ ಚಿಟಿಕೆ ಅರಿಶಿನದ ಮಾತಲ್ಲ ಇದು.

ಸುಸ್ತು, ಊಟ ಸೇರದಿರುವುದು, ವಾಕರಿಕೆ, ಕಡು ಬಣ್ಣದ ಮೂತ್ರ, ಮೈ ತುರಿಕೆ, ಕಣ್ಣಿನ ಹಳದಿ: ಲಕ್ಷಣಗಳು ಇವು. ಸೇವನೆ ಶುರುವಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕಾಣುವುದರಿಂದ ಯಾರಿಗೂ ಕಷಾಯದ ಮೇಲೆ ಅನುಮಾನ ಬರುವುದಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಮುಂದಿನ ಹೆಜ್ಜೆ. ಕಾಮಾಲೆ ಎಂದೊಡನೆ ನಮ್ಮಲ್ಲಿ ನಾಟಿ ಔಷಧಿ ಹುಡುಕಿ ಹೊರಡುತ್ತಾರೆ. ಒಂದು ಸೊಪ್ಪಿನಿಂದ ನೊಂದ ಯಕೃತ್ತಿಗೆ ಮತ್ತೊಂದು ಸೊಪ್ಪಿನ ರಸ ಬೀಳುತ್ತದೆ. ಅಮೂಲ್ಯ ದಿನಗಳು ಹೀಗೆ ಕಳೆದುಹೋಗುತ್ತವೆ.

ಚಿಕಿತ್ಸೆಯ ಮೊದಲ ಮತ್ತು ಮುಖ್ಯ ಭಾಗ ಆ ವಸ್ತುವನ್ನು ಪೂರ್ತಿ ನಿಲ್ಲಿಸುವುದು. ಹಲವರು ಅಷ್ಟರಿಂದಲೇ ಚೇತರಿಸಿಕೊಳ್ಳುತ್ತಾರೆ. ವೈರಸ್ ಹೆಪಟೈಟಿಸ್ ಅಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಂಡು, ಬೇಕಾದರೆ ಯಕೃತ್ತಿನ ಬಯಾಪ್ಸಿ ಮಾಡುತ್ತಾರೆ. ಸ್ವಯಂನಿರೋಧಕ ದಾಳಿಯ ಗುರುತು ಕಂಡರೆ ಸ್ಟಿರಾಯ್ಡ್ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟುವುದು ತಡವಾಗಿ, ರೋಗಿಗೆ ಮಂಕು ಕವಿದರೆ ಯಕೃತ್ತು ಕೈಕೊಡುತ್ತಿದೆ ಎಂದರ್ಥ. ಆರಂಭದಲ್ಲೇ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಿ ಕೊಟ್ಟರೆ ಕೆಲವರಿಗೆ ನೆರವಾಗುತ್ತದೆ. ಅದೂ ಸಾಲದಾದಾಗ ಉಳಿಯುವುದು ಯಕೃತ್ತಿನ ಕಸಿ. ಗುಣವಾದವರು ಅದೇ ಕಷಾಯವನ್ನು ಮತ್ತೆ ಮುಟ್ಟಬಾರದು.

ವೈದ್ಯರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದಾಗ, ಮನೆಯ ಕಷಾಯ, ಚೂರ್ಣ, ಲೇಹ್ಯಗಳನ್ನೂ ಸಂಕೋಚಪಡದೆ ಹೇಳಿ; ಡಬ್ಬಿಯನ್ನು ಜೊತೆಗೇ ಒಯ್ಯಿರಿ.