ಮಾತು ಹಾರಿಹೋಗದಿರಲಿ

ಕಾರ್ಪೊರೇಟ್ ಕಚೇರಿಗಳ ಆಂತರಿಕ ಸಂವಹನ ಕಳೆದ ಎರಡು ದಶಕಗಳಲ್ಲಿ ಮೂಲಭೂತವಾಗಿ ಬದಲಾಗಿದೆ. ಆಡಳಿತ ವರ್ಗ ಸುತ್ತೋಲೆ ಹೊರಡಿಸುವುದು, ನೌಕರರು ಅದನ್ನು ಸೂಚನಾ ಫಲಕದಲ್ಲಿ ಓದಿ ಪಾಲಿಸುವುದು ಹಿಂದಿನ ಕ್ರಮ. ಈಗ ವಾಟ್ಸ್‌ಆ್ಯಪ್ ಗುಂಪು, ಸ್ಲ್ಯಾಕ್, ಟೀಮ್ಸ್‌ಗಳಲ್ಲಿ ಎಲ್ಲರೂ ಏಕಕಾಲಕ್ಕೆ ಬರೆಯುತ್ತಾರೆ, ಉತ್ತರಿಸುತ್ತಾರೆ. ಇದು ಸ್ವಾಗತಾರ್ಹ. ಆದರೆ ಮಾತುಕತೆ ಸುಲಭವಾದಷ್ಟೂ ನಿರ್ಧಾರದ ಹೊಣೆ ಅಸ್ಪಷ್ಟವಾಗುವ ಅಪಾಯವೂ ಇದೆ.

ಸಮಾಜಕ್ಕೆ ಬೇಕಾದ ಜ್ಞಾನ ಯಾರೊಬ್ಬರ ಬಳಿಯೂ ಇಡಿಯಾಗಿ ಇರುವುದಿಲ್ಲ, ಅದು ಅಸಂಖ್ಯ ಜನರಲ್ಲಿ ಹಂಚಿಹೋಗಿರುತ್ತದೆ ಎಂದು ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ 1945ರಲ್ಲಿ ವಾದಿಸಿದ್ದರು. ಅವರು ಹೇಳಿದ್ದು ಮಾರುಕಟ್ಟೆಯ ಬೆಲೆಗಳ ಕುರಿತು. ಆದರೂ ದೊಡ್ಡ ಕಂಪನಿಗೂ ಆ ಮಾತು ಸಲ್ಲುತ್ತದೆ. ಗ್ರಾಹಕನ ಅತೃಪ್ತಿ ಮೊದಲು ತಿಳಿಯುವುದು ಕೌಂಟರಿನ ಗುಮಾಸ್ತನಿಗೆ, ನಿರ್ದೇಶಕ ಮಂಡಳಿಗಲ್ಲ.

ಈ ಚದುರಿದ ಅರಿವನ್ನು ಕಲೆಹಾಕಲು ಐಬಿಎಂ 2003ರಲ್ಲಿ ನಡೆಸಿದ ಪ್ರಯತ್ನ ಉಲ್ಲೇಖಾರ್ಹ. ಸಂಸ್ಥೆಯ ಮೌಲ್ಯಗಳು ಏನಿರಬೇಕೆಂಬ ಬಗ್ಗೆ ತನ್ನ ಆಂತರಿಕ ಜಾಲದಲ್ಲಿ ಅದು 72 ಗಂಟೆಗಳ ಮುಕ್ತ ಚರ್ಚೆ ಏರ್ಪಡಿಸಿತು. ಸುಮಾರು 50 ಸಾವಿರ ನೌಕರರು ಅದನ್ನು ನೋಡಿದರು. ಹತ್ತು ಸಾವಿರದಷ್ಟು ಅಭಿಪ್ರಾಯಗಳು ಬಂದವು. ಆಡಳಿತದ ಬಗೆಗಿನ ಕಟು ಟೀಕೆಗಳೂ ಅದರಲ್ಲಿದ್ದವು. ಆದರೂ ಚರ್ಚೆ ನಿಲ್ಲಲಿಲ್ಲ. ಬಂದದ್ದನ್ನೆಲ್ಲ ಪರಿಶೀಲಿಸಿ ಅದೇ ವರ್ಷ ಮೂರು ಮೌಲ್ಯಗಳನ್ನು ಪ್ರಕಟಿಸಲಾಯಿತು. ಪ್ರಶ್ನೆ ಸ್ಪಷ್ಟವಾಗಿತ್ತು, ಅವಧಿ ನಿಗದಿಯಾಗಿತ್ತು, ಕೊನೆಗೊಂದು ತೀರ್ಮಾನವಿತ್ತು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಉಂಟು. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು ವಾಲ್‌ಸ್ಟ್ರೀಟ್‌ನ 16 ಹಣಕಾಸು ಸಂಸ್ಥೆಗಳಿಗೆ ಒಟ್ಟು 110 ಕೋಟಿ ಡಾಲರಿಗೂ ಹೆಚ್ಚು ದಂಡ ವಿಧಿಸಿತು. ಹಿರಿಯ ಅಧಿಕಾರಿಗಳೂ ಸೇರಿದಂತೆ ಅಲ್ಲಿನ ಸಿಬ್ಬಂದಿ ವ್ಯವಹಾರದ ಮಾತುಗಳನ್ನು ಖಾಸಗಿ ಫೋನುಗಳ ಸಂದೇಶಗಳಲ್ಲಿ ನಡೆಸಿದ್ದರು. ಕಾನೂನಿನಂತೆ ಕಾಪಿಡಬೇಕಾದ ದಾಖಲೆ ಸಂಸ್ಥೆಗಳ ಬಳಿ ಉಳಿದಿರಲಿಲ್ಲ.

ಸರ್ಕಾರಿ ಕಡತವನ್ನು ಗೇಲಿ ಮಾಡದವರಿಲ್ಲ. ಅದರ ಆಮೆನಡಿಗೆಯನ್ನು ದಶಕಗಳ ಕಾಲ ಕಂಡ ನಾನು ಆ ಗೇಲಿಯನ್ನು ಅಲ್ಲಗಳೆಯಲಾರೆ. ಆದರೆ ಕಡತದ ಪ್ರತಿ ಟಿಪ್ಪಣಿಯ ಕೆಳಗೆ ಸಹಿ, ದಿನಾಂಕ ಇರುತ್ತವೆ. ಕಿರಿಯ ಅಧಿಕಾರಿಯ ಭಿನ್ನಾಭಿಪ್ರಾಯವನ್ನು ಮೇಲಿನವರು ತಳ್ಳಿಹಾಕಬಹುದು, ಅಳಿಸಿಹಾಕಲಾಗದು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದಾಗ ನಾಗರಿಕರಿಗೆ ನೆರವಾದದ್ದು ಈ ಟಿಪ್ಪಣಿಗಳೇ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ರಕ್ಷಣೆ ಇಲ್ಲ. ಮುಖ್ಯಸ್ಥರು ಒಂದು ಸಾಲು ಹಾಕಿದೊಡನೆ ಹತ್ತಾರು ಹೆಬ್ಬೆರಳುಗಳು ಮೇಲೇಳುತ್ತವೆ. ಅದು ಸಮ್ಮತಿಯೋ, ಓದಿದ್ದರ ಗುರುತೋ, ಭಯವೋ ಹೇಳುವುದು ಕಷ್ಟ. ರಾತ್ರಿ ಹತ್ತಕ್ಕೆ ಬಂದ ಸಂದೇಶ ಆದೇಶವೇ, ಸಲಹೆಯೇ ಎಂಬುದೂ ಅಸ್ಪಷ್ಟ. ಕೆಲಸ ಕೆಟ್ಟರೆ ಮಾತ್ರ ಹೊಣೆ ಕೆಳಗಿನವನ ಹೆಗಲೇರುತ್ತದೆ.

ಪರಿಹಾರ ಕಷ್ಟದ್ದಲ್ಲ. ಚರ್ಚೆ ಎಲ್ಲಿಯೇ ನಡೆಯಲಿ, ನಿರ್ಧಾರವನ್ನು ಅದೇ ದಿನ, ಕಾರಣಸಹಿತ, ಹೊಣೆ ಹೊತ್ತವರ ಹೆಸರಿನಲ್ಲಿ ಸಂಸ್ಥೆಯ ಸ್ವಂತ ದಾಖಲೆಗೆ ಸೇರಿಸಬೇಕು, ಭಿನ್ನಮತವನ್ನೂ ನಮೂದಿಸಬೇಕು. ಹೊರಗಿನ ವೇದಿಕೆಯೊಂದನ್ನೇ ನೆಚ್ಚುವುದು ವಿವೇಕವಲ್ಲ. ಕಂಪನಿಗಳ ಒಳಸಂವಹನಕ್ಕೆಂದು ಫೇಸ್‌ಬುಕ್ 2016ರಲ್ಲಿ ಆರಂಭಿಸಿದ ‘ವರ್ಕ್‌ಪ್ಲೇಸ್’ ಸೇವೆಯನ್ನು ಮುಚ್ಚುವುದಾಗಿ ಅದರ ಒಡೆತನದ ಮೆಟಾ ಕಂಪನಿ 2024ರಲ್ಲಿ ಪ್ರಕಟಿಸಿದ್ದು ಎಲ್ಲರಿಗೂ ಎಚ್ಚರಿಕೆ.

ವೇಗ ಇಂದಿನ ಅಗತ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾರು, ಯಾವಾಗ, ಏಕೆ ನಿರ್ಧರಿಸಿದರು ಎಂಬುದಕ್ಕೆ ಉತ್ತರವಿಲ್ಲದ ಸಂಸ್ಥೆಯಲ್ಲಿ ಸಹಭಾಗಿತ್ವ ಬರಿಯ ಗದ್ದಲವಾಗಿ ಉಳಿದೀತು.